ಬೆಂಕಿಯಿಲ್ಲದೆ ಕಬ್ಬಿಣ ಕರಗುವುದು ಹೇಗೆ? ಇಂಡಕ್ಷನ್ ಒಲೆ, ಫೌಂಡ್ರಿಯ ಕುಲುಮೆ ಮತ್ತು 'ಕಂಪ್ಯೂಟರ್ ಹೇಳಿದೆ' ಎಂಬ ಫಾರ್ವರ್ಡ್

ಕಳೆದ ಮಳೆಗಾಲದಲ್ಲಿ ಸಾಗರದ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ದೊಡ್ಡಮ್ಮ ಒಂದು ವಿಡಿಯೊ ಕಳಿಸಿದರು. ತಾಮ್ರದ ಸುರುಳಿಯ ನಡುವೆ ಹಿಡಿದ ಕಬ್ಬಿಣದ ತುಂಡು ಬೆಂಕಿಯೇ ಇಲ್ಲದೆ ಕೆಂಪಾಗುತ್ತದೆ, ಬೆಳ್ಳಗಾಗುತ್ತದೆ, ಕೊನೆಗೆ ಕರಗಿ ತೊಟ್ಟಿಕ್ಕುತ್ತದೆ. ಅದರ ಕೆಳಗೆ ಹೀಗೊಂದು ಬರಹ: "ನಿಮ್ಮ ಮನೆಯ ಇಂಡಕ್ಷನ್ ಒಲೆಯಲ್ಲಿರುವುದೂ ಇದೇ! ಕಬ್ಬಿಣವನ್ನೇ ಕರಗಿಸುವ ವಿಕಿರಣ ನಿಮ್ಮ ದೇಹವನ್ನು ಬಿಟ್ಟೀತೇ? ಕ್ಯಾನ್ಸರ್ ಖಚಿತ, ಹೃದಯಕ್ಕೂ ಅಪಾಯ. ಕಂಪ್ಯೂಟರ್ ಸಿಮ್ಯುಲೇಷನ್‌ನಲ್ಲಿ ಸಾಬೀತಾಗಿದೆ. ಎಲ್ಲರಿಗೂ ಕಳಿಸಿ."

ಐದು ನಿಮಿಷದಲ್ಲಿ ದೊಡ್ಡಮ್ಮನ ಫೋನ್ ಬಂತು. "ಇದು ನಿಜವೇನೇ? ನಿನ್ನ ದೊಡ್ಡಪ್ಪನಿಗೆ ಪೇಸ್‌ಮೇಕರ್ ಹಾಕಿದೆಯಲ್ಲ, ಒಲೆ ಎತ್ತಿಟ್ಟುಬಿಡಲಾ?"

"ಎಲ್ಲ ಸುಳ್ಳು, ಡಿಲೀಟ್ ಮಾಡಿ" ಎಂದು ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಯಾಕೆಂದರೆ ಈ ಫಾರ್ವರ್ಡ್‌ನಲ್ಲಿ ಒಂದು ಮಾತು ಪೂರ್ತಿ ನಿಜ, ಒಂದು ಅರ್ಧ ನಿಜ, ಉಳಿದೆರಡು ನಿಜವಲ್ಲ. ನಾಲ್ಕನ್ನೂ ಬೇರೆ ಬೇರೆ ಮಾಡಿ ನೋಡೋಣ.

ಒಂದೇ ನೋಟದಲ್ಲಿ

• ಮನೆಯ ಒಲೆ ಮತ್ತು ಕಬ್ಬಿಣ ಕರಗಿಸುವ ಕುಲುಮೆ ಒಂದೇ ತತ್ವದ ಮೇಲೆ ನಡೆಯುತ್ತವೆ: ನಿಜ.
• ಇಂಡಕ್ಷನ್ ಒಲೆಯಿಂದ ಕ್ಯಾನ್ಸರ್ ಬರುತ್ತದೆ: ಪುರಾವೆ ಇಲ್ಲ.
• ಹೃದಯಕ್ಕೆ ಅಪಾಯ: ಎಲ್ಲರಿಗೂ ಅಲ್ಲ. ಪೇಸ್‌ಮೇಕರ್ ಇದ್ದವರು ಮಾತ್ರ ಅಂತರ ಕಾಯ್ದುಕೊಳ್ಳಬೇಕು.
• "ಸಿಮ್ಯುಲೇಷನ್‌ನಲ್ಲಿ ಸಾಬೀತಾಗಿದೆ": ಸಿಮ್ಯುಲೇಷನ್ ಒಂದು ಲೆಕ್ಕ. ಅಳತೆಗೆ ಹೋಲಿಸಿ ನೋಡುವ ತನಕ ಅದು ಸಾಬೀತಲ್ಲ.

ಬೆಂಕಿಯಿಲ್ಲದೆ ಬಿಸಿ ಬರುವುದು ಎಲ್ಲಿಂದ?

1831ರಲ್ಲಿ ಮೈಕೆಲ್ ಫ್ಯಾರಡೆ ಒಂದು ಸಂಗತಿ ಕಂಡುಕೊಂಡರು. ತಂತಿಯ ಸುರುಳಿಯ ಬಳಿ ಕಾಂತಕ್ಷೇತ್ರ ಬದಲಾಗುತ್ತಿದ್ದರೆ, ಆ ಸುರುಳಿಯಲ್ಲಿ ತಾನಾಗಿಯೇ ವಿದ್ಯುತ್ ಹರಿಯುತ್ತದೆ. ನಿಮ್ಮೂರಿನ ಕಂಬದ ಮೇಲಿರುವ ಟ್ರಾನ್ಸ್‌ಫಾರ್ಮರ್ ಕೆಲಸ ಮಾಡುವುದು ಹೀಗೆಯೇ. ಅದರೊಳಗಿನ ಎರಡು ಸುರುಳಿಗಳ ನಡುವೆ ತಂತಿಯ ಜೋಡಣೆ ಇಲ್ಲ. ಆದರೂ ಒಂದರಿಂದ ಇನ್ನೊಂದಕ್ಕೆ ವಿದ್ಯುತ್ ದಾಟುತ್ತದೆ.

ಈಗ ಎರಡನೇ ಸುರುಳಿಯ ಜಾಗದಲ್ಲಿ ಕಬ್ಬಿಣದ ಗಟ್ಟಿ ತುಂಡೊಂದನ್ನು ಇಡಿ. ವಿದ್ಯುತ್ತಿಗೆ ಹರಿಯಲು ತಂತಿ ಇಲ್ಲ. ಅದು ಲೋಹದ ಒಳಗೇ, ಹೊಳೆಯ ಮಡುವಿನಲ್ಲಿ ನೀರು ಸುಳಿ ಸುತ್ತುವ ಹಾಗೆ ಸುತ್ತತೊಡಗುತ್ತದೆ. ಇದಕ್ಕೆ 'ಸುಳಿ ವಿದ್ಯುತ್' ಎನ್ನುತ್ತಾರೆ. ಲೋಹ ಈ ಹರಿವಿಗೆ ಅಡ್ಡಿ ಮಾಡುತ್ತದೆ, ಅಡ್ಡಿಯಿಂದ ಬಿಸಿ ಹುಟ್ಟುತ್ತದೆ. ಅಂದರೆ ಬಿಸಿ ಹೊರಗಿನಿಂದ ಪಾತ್ರೆಗೆ ಬರುವುದಿಲ್ಲ, ಪಾತ್ರೆಯಲ್ಲೇ ಹುಟ್ಟುತ್ತದೆ. ಗಾಜಿನ ಮೇಲ್ಮೈ ಬಿಸಿಯಾಗುವುದು ಪಾತ್ರೆ ಅದರ ಮೇಲೆ ಕೂತಿರುವುದರಿಂದ. ಆದ್ದರಿಂದ "ಇಂಡಕ್ಷನ್ ಒಲೆ ಕೈ ಸುಡುವುದೇ ಇಲ್ಲ" ಎಂಬ ಮಾತನ್ನೂ ನಂಬಬೇಡಿ. ಪಾತ್ರೆ ಎತ್ತಿದ ಕೂಡಲೇ ಗಾಜಿನ ಮೇಲೆ ಕೈಯಿಟ್ಟರೆ ಸುಡುತ್ತದೆ.

ಈ ತತ್ವದಿಂದ ಲೋಹ ಕರಗಿಸುವ ಕೆಲಸ ಹಳೆಯದು. 1900ರಲ್ಲಿ ಸ್ವೀಡನ್ನಿನ ಗೀಸಿಂಗೆ ಎಂಬಲ್ಲಿ ಷೆಲಿನ್ ಎಂಬ ಎಂಜಿನಿಯರ್ ಇಂಡಕ್ಷನ್ ಕುಲುಮೆಯಲ್ಲಿ ಉಕ್ಕು ತಯಾರಿಸಿದ್ದರು. ಇವತ್ತು ಫೌಂಡ್ರಿಗಳಲ್ಲಿ ಕಾಣುವ ಮಾದರಿಗೆ, ಅಂದರೆ ನಡುವೆ ಮೂಸೆ, ಸುತ್ತ ತಾಮ್ರದ ಸುರುಳಿ ಇರುವ ಕುಲುಮೆಗೆ, 1916ರ ಸುಮಾರಿಗೆ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಎಡ್ವಿನ್ ನಾರ್ಥ್ರಪ್ ರೂಪ ಕೊಟ್ಟರು.

ತತ್ವ ಒಂದೇ ಆದರೂ ಗಾತ್ರ ಒಂದಲ್ಲ. ಮನೆಯ ಒಲೆ ಸುಮಾರು 2 ಕಿಲೋವ್ಯಾಟ್. ಗಂಟೆಗೆ ಒಂದು ಟನ್ ಕಬ್ಬಿಣ ಕರಗಿಸುವ ಕುಲುಮೆಗೆ ಸುಮಾರು 600 ಕಿಲೋವ್ಯಾಟ್ ಬೇಕು, ಅಂದರೆ 300 ಒಲೆಗಳಷ್ಟು. ಬಚ್ಚಲ ಒಲೆಗೂ ಕಾಳ್ಗಿಚ್ಚಿಗೂ ಬೆಂಕಿಯೇ ಮೂಲ ಎಂದು ಎರಡನ್ನೂ ಒಂದೇ ಎನ್ನಲಾಗದಲ್ಲ, ಹಾಗೆ.

ಅಡಿಕೆ ಬೇಯಿಸುವ ತಾಮ್ರದ ಹಂಡೆ ಇದರ ಮೇಲೆ ಯಾಕೆ ಕಾಯುವುದಿಲ್ಲ?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರಿಗೆ ತಾಮ್ರದ ಹಂಡೆ ಗೊತ್ತು. ಕೊನೆ ಕೊಯ್ಲಿನ ಕಾಲದಲ್ಲಿ ಸುಲಿದ ಅಡಿಕೆ ಬೇಯುವುದು ಅದರಲ್ಲೇ. ಸೌದೆ ಒಲೆಯ ಮೇಲೆ ಬೇಗ ಕಾಯುವ ಲೋಹ ಅದು. ಅದೇ ತಾಮ್ರದ ಪಾತ್ರೆಯನ್ನು ಸಾಮಾನ್ಯ ಇಂಡಕ್ಷನ್ ಒಲೆಯ ಮೇಲಿಟ್ಟರೆ ಒಲೆ ಬೀಪ್ ಎಂದು ಆರಿಹೋಗುತ್ತದೆ. ಯಾಕೆ?

ಕಾಂತಕ್ಷೇತ್ರ ಎಷ್ಟು ವೇಗವಾಗಿ ದಿಕ್ಕು ಬದಲಿಸುತ್ತದೋ, ಸುಳಿ ವಿದ್ಯುತ್ ಅಷ್ಟೂ ಲೋಹದ ಮೇಲ್ಮೈಗೇ ಅಂಟಿಕೊಳ್ಳುತ್ತದೆ, ಆಳಕ್ಕೆ ಇಳಿಯುವುದಿಲ್ಲ. ಅದು ಇಳಿಯುವ ಆಳವನ್ನು 'ಚರ್ಮದಾಳ' ಎನ್ನೋಣ. ಮನೆಯ ಒಲೆಯ ಕ್ಷೇತ್ರ ಸೆಕೆಂಡಿಗೆ 20 ಸಾವಿರಕ್ಕೂ ಹೆಚ್ಚು ಸಲ ಆವರ್ತಿಸುತ್ತದೆ. 25 ಸಾವಿರ ಎಂದಿಟ್ಟುಕೊಂಡರೆ ಕಬ್ಬಿಣದ ತಳದಲ್ಲಿ ಚರ್ಮದಾಳ ಸುಮಾರು 0.13 ಮಿ.ಮೀ., ಹೆಚ್ಚುಕಡಿಮೆ ಒಂದು ದಪ್ಪ ಕಾಗದದಷ್ಟು. ಕಬ್ಬಿಣ ಕಾಂತಕ್ಕೆ ಅಂಟುವ ಲೋಹ ಆಗಿರುವುದೇ ಇಷ್ಟು ತೆಳು ಪದರಕ್ಕೆ ಕಾರಣ. ಆ ಪದರದಲ್ಲಿ ಇಕ್ಕಟ್ಟಾಗಿ ಹರಿಯುವ ವಿದ್ಯುತ್ತಿಗೆ ಅಡ್ಡಿ ಹೆಚ್ಚು, ಬಿಸಿಯೂ ಹೆಚ್ಚು.

ತಾಮ್ರದಲ್ಲಿ ಚರ್ಮದಾಳ 0.4 ಮಿ.ಮೀ.ಗೂ ಹೆಚ್ಚು. ಜೊತೆಗೆ ತಾಮ್ರ ವಿದ್ಯುತ್ತಿಗೆ ಅಡ್ಡಿ ಮಾಡುವುದೇ ಕಡಿಮೆ. ಎರಡೂ ಸೇರಿ ತಾಮ್ರದ ತಳದ ಅಡ್ಡಿ ಕಬ್ಬಿಣದ ತಳದ್ದಕ್ಕಿಂತ ಸುಮಾರು 30 ಪಟ್ಟು ಕಡಿಮೆಯಾಗುತ್ತದೆ. ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಬಿಸಿ ಹುಟ್ಟುವುದಿಲ್ಲ. ಒಲೆಯ ಎಲೆಕ್ಟ್ರಾನಿಕ್ಸ್ ಇದನ್ನು ಗುರುತಿಸಿ ಆಫ್ ಮಾಡುತ್ತದೆ. ಪಾತ್ರೆ ಕೊಳ್ಳುವಾಗ ತಳಕ್ಕೆ ಕಾಂತ ಅಂಟುತ್ತದೆಯೇ ನೋಡಿ ಎನ್ನುವುದು ಇದಕ್ಕೇ.

ಕುಲುಮೆಯಲ್ಲಿ ಕಥೆ ಸ್ವಲ್ಪ ಬೇರೆ. ಒಳಗಿನವರೆಗೂ ಕರಗಬೇಕಾದ ದೊಡ್ಡ ರಾಶಿ ಅದು, ಕಾಗದದಷ್ಟು ತೆಳು ಪದರ ಕಾಯಿಸಿದರೆ ಸಾಲದು. ಆದ್ದರಿಂದ ಫೌಂಡ್ರಿಗಳು ಸೆಕೆಂಡಿಗೆ ಕೆಲವು ನೂರರಿಂದ ಸಾವಿರದ ಆಸುಪಾಸಿನ ಆವರ್ತನ ಬಳಸುತ್ತವೆ. 500 ಆವರ್ತನದಲ್ಲಿ ಕರಗಿದ ಕಬ್ಬಿಣದ ಚರ್ಮದಾಳ ಸುಮಾರು 26 ಮಿ.ಮೀ., 50 ಆವರ್ತನದಲ್ಲಿ ಸುಮಾರು 84 ಮಿ.ಮೀ.

ಇದು ನಮ್ಮ ಜಿಲ್ಲೆಯ ಕಥೆಯೂ ಹೌದು

ಶಿವಮೊಗ್ಗ ಜಿಲ್ಲೆಗೆ ಕಬ್ಬಿಣ ಕರಗಿಸುವುದು ಹೊಸದಲ್ಲ. ಭದ್ರಾವತಿಯಲ್ಲಿ 1923ರಲ್ಲಿ ಮೈಸೂರು ಕಬ್ಬಿಣ ಕಾರ್ಖಾನೆ ಶುರುವಾಯಿತು. ಅದರ ಹಿಂದಿನ ಶಕ್ತಿ ಸರ್ ಎಂ. ವಿಶ್ವೇಶ್ವರಯ್ಯ. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಾಡಿನ ಮರದ ಇದ್ದಿಲಿನಲ್ಲಿ ಕರಗಿಸುತ್ತಿದ್ದರು. ಮುಂದೆ 1948ರಲ್ಲಿ ಜೋಗದ ಬಳಿಯ ಜಲವಿದ್ಯುತ್ ಕೇಂದ್ರ ಶುರುವಾಗಿ ವಿದ್ಯುತ್ ಹೆಚ್ಚಿದ ಮೇಲೆ ಭದ್ರಾವತಿಗೆ ವಿದ್ಯುತ್ ಕುಲುಮೆಗಳೂ ಬಂದವು. ಅವು ವಿದ್ಯುತ್ ಕಿಡಿಯ ಕುಲುಮೆಗಳು, ಇಂಡಕ್ಷನ್ ಅಲ್ಲ. ಆದರೂ "ಕಾಡು ಕಡಿದು ಇದ್ದಿಲು" ಎಂಬಲ್ಲಿಂದ "ಹೊಳೆಯ ನೀರಿನ ಕರೆಂಟು" ಎಂಬಲ್ಲಿಗೆ ಬಂದ ಹೆಜ್ಜೆ ಅದು. ಇವತ್ತು ಶಿವಮೊಗ್ಗ ಮತ್ತು ಭದ್ರಾವತಿ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಫೌಂಡ್ರಿಗಳಲ್ಲಿ ವಾಹನಗಳ ಬಿಡಿಭಾಗಗಳು ಎರಕ ಆಗುತ್ತವೆ. ಬೆಳಗಾವಿಯಲ್ಲಂತೂ ಫೌಂಡ್ರಿಗಳ ದೊಡ್ಡ ಗುಂಪೇ ಇದೆ. ಇಂಥ ಫೌಂಡ್ರಿಗಳ ಸಾಮಾನ್ಯ ಕುಲುಮೆಯೇ ಇಂಡಕ್ಷನ್.

ಒಂದು ಟನ್ ಕಬ್ಬಿಣವನ್ನು ಕರಗಿಸಿ ಎರಕಕ್ಕೆ ಸಿದ್ಧ ಮಾಡಲು ಬೇಕಾದ ಶುದ್ಧ ಶಾಖ 350ರಿಂದ 400 ಯೂನಿಟ್. ವಾಸ್ತವದಲ್ಲಿ ಮೀಟರ್ ತೋರಿಸುವುದು 500, 600 ಅಥವಾ ಅದಕ್ಕೂ ಹೆಚ್ಚು. ಉಳಿದದ್ದು ಎಲ್ಲಿ ಹೋಯಿತು? ತಾಮ್ರದ ಸುರುಳಿಯೇ ಕಾಯುತ್ತದೆ, ಆ ಬಿಸಿಯನ್ನು ಅದರೊಳಗೆ ಹರಿಯುವ ತಣ್ಣೀರು ಹೊತ್ತೊಯ್ಯುತ್ತದೆ. ಗೋಡೆಯ ಮೂಲಕ ಸ್ವಲ್ಪ, ತೆರೆದ ಬಾಯಿಂದ ಸ್ವಲ್ಪ, ಮುಚ್ಚಳ ಹಾಕದೆ ಕಾಯುತ್ತಾ ನಿಂತ ಹೊತ್ತಿನಲ್ಲಿ ಇನ್ನಷ್ಟು ಸೋರುತ್ತದೆ.

ಒಂದು ಸಣ್ಣ ಹೋಲಿಕೆ ಮಾಡೋಣ. ಶರಾವತಿ ವಿದ್ಯುದಾಗಾರದಲ್ಲಿ ನೀರು 400 ಮೀಟರ್‌ಗೂ ಹೆಚ್ಚು ಎತ್ತರದಿಂದ ಬೀಳುತ್ತದೆ. ಅಲ್ಲಿ ಸರಿಸುಮಾರು ಸಾವಿರ ಲೀಟರ್ ನೀರಿಗೆ ಒಂದು ಯೂನಿಟ್ ವಿದ್ಯುತ್ ಸಿಗುತ್ತದೆ. ಹಾಗಾದರೆ ಟನ್ನಿಗೆ 60 ಯೂನಿಟ್ ಉಳಿಸಿದರೆ 60 ಸಾವಿರ ಲೀಟರ್ ನೀರು ಉಳಿದಂತೆ. ಗ್ರಿಡ್‌ಗೆ ಕಲ್ಲಿದ್ದಲು, ಗಾಳಿ, ಬಿಸಿಲಿನ ವಿದ್ಯುತ್ತೂ ಸೇರುತ್ತದೆ, ಇದು ಅಂದಾಜಿಗೆ ಮಾತ್ರ. ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಮನೆ, ಗದ್ದೆ, ತೋಟ ಮುಳುಗಿ ಎದ್ದು ಹೋದವರು ಸಾಗರ, ಹೊಸನಗರದ ಕಡೆಯವರೇ. ನಮಗೆ ಯೂನಿಟ್ ಎಂದರೆ ಬಿಲ್ಲಿನ ಅಂಕೆ ಮಾತ್ರ ಅಲ್ಲ.

ಒಳಗೆ ಇಣುಕಲಾಗದು, ಅದಕ್ಕೇ ಲೆಕ್ಕ

ಸೋರಿಕೆ ತಡೆಯಬೇಕಾದರೆ ಕುಲುಮೆಯೊಳಗೆ ಎಲ್ಲಿ ಎಷ್ಟು ಬಿಸಿ ಇದೆ ಗೊತ್ತಾಗಬೇಕು. 1,400 ಡಿಗ್ರಿಗೂ ಹೆಚ್ಚು ಕಾದ ಲೋಹದ ಮೂಲೆಮೂಲೆಗೂ ಥರ್ಮಾಮೀಟರ್ ಇಡಲಾಗುವುದಿಲ್ಲ. ಒಂದೆರಡು ಕಡೆ ಅಳೆಯಬಹುದು, ಅಷ್ಟೇ. ಸುರುಳಿಯ ಆಕಾರ ಬದಲಿಸಿ, ಗೋಡೆಯ ದಪ್ಪ ಬದಲಿಸಿ, ಪ್ರತಿ ಸಲ ಹೊಸ ಕುಲುಮೆ ಕಟ್ಟಿ ನೋಡುವುದು ಯಾರಿಗೂ ಕಟ್ಟುವುದಿಲ್ಲ.

ಆಗ ಎಂಜಿನಿಯರುಗಳು ಕುಲುಮೆಯನ್ನು ಕಾಗದದ ಮೇಲೆ ಕಟ್ಟುತ್ತಾರೆ. ಕಾಂತಕ್ಷೇತ್ರಕ್ಕೆ ಮ್ಯಾಕ್ಸ್‌ವೆಲ್ ಬರೆದ ಸಮೀಕರಣಗಳಿವೆ, ಬಿಸಿ ಹರಡುವುದಕ್ಕೆ ಫೂರಿಯೆ ಕೊಟ್ಟ ಸಮೀಕರಣವಿದೆ. ಇವೆರಡನ್ನು ಕುಲುಮೆಯ ಆಕಾರಕ್ಕೆ, ಲೋಹದ ಗುಣಕ್ಕೆ ಹೊಂದಿಸುವುದು 'ಗಣಿತ ಮಾದರಿ'. ಆ ಸಮೀಕರಣಗಳನ್ನು ಇಡೀ ಕುಲುಮೆಗೆ ಒಂದೇ ಏಟಿಗೆ ಬಿಡಿಸಲು ಆಗದ ಕಾರಣ, ಕುಲುಮೆಯನ್ನು ಸಾವಿರಾರು ಪುಟ್ಟ ಚೂರುಗಳಾಗಿ ಕತ್ತರಿಸಿ ಚೂರಿನಿಂದ ಚೂರಿಗೆ, ಕ್ಷಣದಿಂದ ಕ್ಷಣಕ್ಕೆ ಲೆಕ್ಕ ಹಾಕುವುದು 'ಸಂಖ್ಯಾತ್ಮಕ ಸಿಮ್ಯುಲೇಷನ್'.

ದೊಡ್ಡ ಹೆಸರು, ಆದರೆ ಒಳಗಿನ ಉಪಾಯ ಎಷ್ಟು ಸರಳ ಎಂದರೆ ನೀವೇ ಮಾಡಬಹುದು.

ಕಾಗದ, ಪೆನ್ನು ತಗೊಳ್ಳಿ

ಒಂದು ಕಬ್ಬಿಣದ ಸರಳಿನ ಎಡ ತುದಿ ಸದಾ 100 ಡಿಗ್ರಿ, ಬಲ ತುದಿ ಸದಾ 20 ಡಿಗ್ರಿ. ನಡುವಿನ ಭಾಗವನ್ನು ಮೂರು ಚೂರು ಮಾಡಿ: ಅ, ಆ, ಇ. ಶುರುವಿನಲ್ಲಿ ಮೂರೂ 20 ಡಿಗ್ರಿ. ನಿಯಮ ಒಂದೇ: ಪ್ರತಿ ಹೆಜ್ಜೆಯಲ್ಲಿ ಚೂರಿನ ಹೊಸ ಬಿಸಿ ಎಂದರೆ ಅದರ ಎಡ ಮತ್ತು ಬಲ ನೆರೆಯವರ ಹಳೆಯ ಬಿಸಿಯ ಸರಾಸರಿ.

ಹೆಜ್ಜೆ 1: ಅ 60, ಆ 20, ಇ 20
ಹೆಜ್ಜೆ 2: ಅ 60, ಆ 40, ಇ 20
ಹೆಜ್ಜೆ 3: ಅ 70, ಆ 40, ಇ 30
ಹೆಜ್ಜೆ 4: ಅ 70, ಆ 50, ಇ 30
ಹೆಜ್ಜೆ 5: ಅ 75, ಆ 50, ಇ 35

ಮುಂದುವರಿಸುತ್ತಾ ಹೋದರೆ 80, 60, 40ರ ಹತ್ತಿರ ಬಂದು ನಿಲ್ಲುತ್ತದೆ. ಬಿಸಿ ಎಡದಿಂದ ಬಲಕ್ಕೆ ಮೆಲ್ಲಗೆ ಹರಡಿ, ಕೊನೆಗೆ ಸಮನಾದ ಇಳಿಜಾರಿನಲ್ಲಿ ನೆಲೆಯಾಯಿತು. ನಿಜವಾದ ಸರಳಿನಲ್ಲಿ ಆಗುವುದೂ ಹೀಗೆಯೇ. ನೀವು ಈಗ ಮಾಡಿದ್ದು ಸಂಖ್ಯಾತ್ಮಕ ಸಿಮ್ಯುಲೇಷನ್.

ಅದೇ ಲೆಕ್ಕ ಹುಚ್ಚು ಹಿಡಿಯುವುದೂ ಹೀಗೆ

ಈಗ ಅವಸರ ಮಾಡೋಣ. ಒಂದೊಂದು ಹೆಜ್ಜೆಯಲ್ಲಿ ಎರಡು ಪಟ್ಟು ಸಮಯ ದಾಟಬೇಕು ಎಂದರೆ ನಿಯಮ ಹೀಗೆ ಬದಲಾಗುತ್ತದೆ: ಎಡ ಮತ್ತು ಬಲ ನೆರೆಯವರನ್ನು ಕೂಡಿ, ಅದರಲ್ಲಿ ತನ್ನ ಹಳೆಯ ಬಿಸಿಯನ್ನು ಕಳೆಯಬೇಕು. ಸಮೀಕರಣ ಅದೇ, ಹೆಜ್ಜೆ ಮಾತ್ರ ದೊಡ್ಡದು.

ಹೆಜ್ಜೆ 1: ಅ 100, ಆ 20, ಇ 20
ಹೆಜ್ಜೆ 2: ಅ 20, ಆ 100, ಇ 20
ಹೆಜ್ಜೆ 3: ಅ 180, ಆ −60, ಇ 100

ನೋಡಿದಿರಾ? 100 ಡಿಗ್ರಿಯ ಮೂಲದಿಂದ ಕಾದ ಚೂರು 180 ಡಿಗ್ರಿ, ಪಕ್ಕದ್ದು ಮಂಜುಗಡ್ಡೆಗಿಂತ 60 ಡಿಗ್ರಿ ತಣ್ಣಗೆ! ಕೂಡುವುದರಲ್ಲಿ, ಕಳೆಯುವುದರಲ್ಲಿ ಒಂದೂ ತಪ್ಪಿಲ್ಲ. ಕಂಪ್ಯೂಟರಿಗೆ ಕೊಟ್ಟರೂ ಇದನ್ನೇ ಹೇಳುತ್ತದೆ, ಬಣ್ಣಬಣ್ಣದ ಚಿತ್ರವನ್ನೂ ಬಿಡಿಸಿ ಕೊಡುತ್ತದೆ. ಆದರೆ ಉತ್ತರ ಪೂರ್ತಿ ಸುಳ್ಳು.

"ಕಂಪ್ಯೂಟರ್ ಸಿಮ್ಯುಲೇಷನ್‌ನಲ್ಲಿ ಸಾಬೀತಾಗಿದೆ" ಎಂಬ ಮಾತು ಕೇಳಿದಾಗ ಈ ಮೂರು ಹೆಜ್ಜೆ ನೆನಪಿಟ್ಟುಕೊಳ್ಳಿ. ಸಿಮ್ಯುಲೇಷನ್ ಮಾಡುವವರು ಇದನ್ನು ಚೆನ್ನಾಗಿ ಬಲ್ಲರು. ಅವರು ಚೂರುಗಳನ್ನು ಇನ್ನೂ ಸಣ್ಣದು ಮಾಡಿ, ಹೆಜ್ಜೆಯನ್ನು ಇನ್ನೂ ಚಿಕ್ಕದು ಮಾಡಿ ಉತ್ತರ ಬದಲಾಗುತ್ತದೆಯೇ ನೋಡುತ್ತಾರೆ. ಬದಲಾಗದಿದ್ದರೆ ಒಂದು ಹಂತದ ಭರವಸೆ. ಆಮೇಲೆ ನಿಜವಾದ ಕುಲುಮೆಯಲ್ಲಿ ಅಳೆದ ಬಿಸಿ, ಮೀಟರಿನ ಯೂನಿಟ್, ತಣ್ಣೀರು ಹೊತ್ತೊಯ್ದ ಶಾಖ ಇವುಗಳ ಜೊತೆ ಹೋಲಿಸುತ್ತಾರೆ. ಹೊಂದಿದರೆ ಮಾತ್ರ ಮಾದರಿಯನ್ನು ನಂಬುತ್ತಾರೆ.

ನಿಜವಾದ ಕುಲುಮೆಯ ಲೆಕ್ಕದಲ್ಲಿ ಏನೇನಿರುತ್ತದೆ?

ನಮ್ಮ ಸರಳಿಗಿಂತ ಕುಲುಮೆ ಗೋಜಲು. ಮುಖ್ಯ ತೊಡಕುಗಳು ನಾಲ್ಕು.

ಮೊದಲನೆಯದು, ಎರಡು ಗಡಿಯಾರ. ಕಾಂತಕ್ಷೇತ್ರ ಸೆಕೆಂಡಿಗೆ ನೂರಾರು ಸಲ ಆವರ್ತಿಸುತ್ತದೆ, ಬಿಸಿಯೋ ನಿಮಿಷಗಟ್ಟಲೆ ಹರಡುತ್ತದೆ. ಪ್ರತಿ ಆವರ್ತನವನ್ನೂ ಲೆಕ್ಕ ಹಾಕುತ್ತಾ ಕೂತರೆ ಮುಗಿಯುವುದಿಲ್ಲ. ಆದ್ದರಿಂದ ಮೊದಲು ಕ್ಷೇತ್ರದ ಲೆಕ್ಕ ಮಾಡಿ, ಸರಾಸರಿ ಎಷ್ಟು ಬಿಸಿ ಎಲ್ಲಿ ಹುಟ್ಟುತ್ತದೆ ಎಂದು ತೆಗೆದು, ಆ ಬಿಸಿಯನ್ನು ಕೆಲವು ಸೆಕೆಂಡುಗಳ ಕಾಲ ಹರಡಲು ಬಿಡುತ್ತಾರೆ. ಮತ್ತೆ ಕ್ಷೇತ್ರದ ಲೆಕ್ಕ, ಮತ್ತೆ ಬಿಸಿ.

ಎರಡನೆಯದು, ಲೋಹ ಗುಣ ಬದಲಿಸುತ್ತದೆ. ಕಬ್ಬಿಣ 770 ಡಿಗ್ರಿ ದಾಟಿದ ಮೇಲೆ ಕಾಂತಕ್ಕೆ ಅಂಟುವುದಿಲ್ಲ. ಆಗ ಚರ್ಮದಾಳ ಒಮ್ಮೆಲೇ ಹಿಗ್ಗುತ್ತದೆ, ಬಿಸಿ ಹುಟ್ಟುವ ಜಾಗ ಬದಲಾಗುತ್ತದೆ. ಅದಕ್ಕೇ ಕ್ಷೇತ್ರದ ಲೆಕ್ಕವನ್ನು ಮತ್ತೆ ಮತ್ತೆ ಮಾಡಬೇಕು. ಈ ತಿರುವನ್ನು ಮರೆತ ಮಾದರಿ ಕರಗುವ ಹೊತ್ತನ್ನೇ ತಪ್ಪಾಗಿ ಹೇಳುತ್ತದೆ.

ಮೂರನೆಯದು, ಕರಗಿದ ಲೋಹ ಸುಮ್ಮನೆ ಕೂರುವುದಿಲ್ಲ. ಕಾಂತಕ್ಷೇತ್ರ ಅದನ್ನು ತಳ್ಳುತ್ತದೆ. ಲೋಹ ನಡುವೆ ಗುಡ್ಡದ ಹಾಗೆ ಉಬ್ಬಿ, ಯಾರೋ ಸೌಟಿನಲ್ಲಿ ಕಲಕಿದಂತೆ ಸುತ್ತುತ್ತದೆ. ಆವರ್ತನ ಕಡಿಮೆಯಾದಷ್ಟೂ ಕಲಕಾಟ ಜೋರು. ಇದರಿಂದ ಮಿಶ್ರಣ ಚೆನ್ನಾಗಿ ಹೊಂದಿಕೊಳ್ಳುತ್ತದೆ, ಅತಿಯಾದರೆ ಗೋಡೆ ಸವೆಯುತ್ತದೆ. ಹಾಗಾಗಿ ದ್ರವದ ಹರಿವಿನ ಲೆಕ್ಕವೂ ಸೇರಬೇಕು.

ನಾಲ್ಕನೆಯದು, ಲೆಕ್ಕದ ಭಾರ. ಇಲ್ಲಿ ಒಂದು ಅನುಕೂಲ ಇದೆ. ಕುಲುಮೆ ಹಂಡೆಯ ಹಾಗೆ ದುಂಡಗಿರುವುದರಿಂದ, ನಡುವಿನಿಂದ ಅಂಚಿಗೆ ಒಂದೇ ಒಂದು ಸೀಳನ್ನು ಲೆಕ್ಕ ಹಾಕಿದರೆ ಸಾಕು. ಉಳಿದ ಸೀಳುಗಳೆಲ್ಲ ಅದರಂತೆಯೇ ಇರುತ್ತವೆ. ಆದರೆ ಅಂಕುಡೊಂಕಾದ ಗುಜರಿ ಕಬ್ಬಿಣ ತುಂಬಿದಾಗ ಈ ಅನುಕೂಲ ಪೂರ್ತಿ ನಿಜವಲ್ಲ. ಮಾದರಿ ಮಾಡಿದವರು ಅದನ್ನೂ ಹೇಳಿರಬೇಕು.

ಲೆಕ್ಕ ತಪ್ಪಿದರೆ ಯಾರಿಗೆ ನಷ್ಟ?

ಕರೆಂಟಿನ ಬಿಲ್ಲಿಗಿಂತ ದೊಡ್ಡ ಸಂಗತಿ ಒಂದಿದೆ. ಕುಲುಮೆಯ ಮುಂದೆ ಮನುಷ್ಯರು ನಿಂತಿರುತ್ತಾರೆ.

ಕರಗಿದ ಲೋಹಕ್ಕೂ ತಣ್ಣೀರು ಹರಿಯುವ ತಾಮ್ರದ ಸುರುಳಿಗೂ ನಡುವೆ ಇರುವುದು ಬೆಣಚುಪುಡಿಯಂಥ ವಸ್ತುವನ್ನು ಗಿಡಿದು ಮಾಡಿದ ಒಂದು ಗೋಡೆ, ಲೈನಿಂಗ್. ದಿನವೂ ಅದು ಸವೆಯುತ್ತದೆ. ಗೋಡೆ ತೆಳುವಾದಷ್ಟೂ ಲೋಹ ಸುರುಳಿಗೆ ಹತ್ತಿರವಾಗಿ ಕುಲುಮೆ ಹೆಚ್ಚು ವಿದ್ಯುತ್ ಎಳೆಯುತ್ತದೆ, ಬೇಗ ಕರಗಿಸುತ್ತದೆ. ನೋಡುವವರಿಗೆ "ಇವತ್ತು ಕುಲುಮೆ ಚೆನ್ನಾಗಿ ಓಡುತ್ತಿದೆ" ಅನ್ನಿಸುತ್ತದೆ. ನಿಜದಲ್ಲಿ ಅದು ಎಚ್ಚರಿಕೆ. ಗೋಡೆ ತೂತಾಗಿ ಲೋಹ ನೀರಿಗೆ ಸಿಕ್ಕರೆ ಸ್ಫೋಟವಾಗುತ್ತದೆ.

ಒಂದು ಲೀಟರ್ ನೀರು ಆವಿಯಾದರೆ ಸುಮಾರು 1,600 ಲೀಟರ್ ಜಾಗ ಬೇಡುತ್ತದೆ. ಒದ್ದೆ ಗುಜರಿ ಕಬ್ಬಿಣವನ್ನು ಕರಗಿದ ಲೋಹಕ್ಕೆ ಹಾಕಬಾರದು ಎನ್ನುವುದು ಇದಕ್ಕೇ. ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಮಲೆನಾಡಿನ ಸೆರಗಿನ ಊರುಗಳಲ್ಲಿ ಅಂಗಳದಲ್ಲಿ ಬಿದ್ದ ಕಬ್ಬಿಣ ಒಣಗಿರುತ್ತದೆ ಎಂದು ಯಾರೂ ಭಾವಿಸುವಂತಿಲ್ಲ.

ಎಷ್ಟು ವಿದ್ಯುತ್ ಎಳೆದರೆ ಗೋಡೆ ಎಷ್ಟು ಸವೆದಿರಬಹುದು, ಎಲ್ಲಿ ಮೊದಲು ಸವೆಯುತ್ತದೆ ಎಂದು ಸಿಮ್ಯುಲೇಷನ್ ಮುಂಚೆಯೇ ಅಂದಾಜು ಕೊಡಬಲ್ಲದು. ಆದರೆ ಗೋಡೆಯನ್ನು ಕಣ್ಣಾರೆ ನೋಡುವುದು, ಅಳೆಯುವುದು, ಸೋರಿಕೆ ಪತ್ತೆ ಮಾಡುವ ಅಲಾರಂ ಸರಿ ಇಡುವುದು, ಗುಜರಿ ಒಣಗಿಸುವುದು, ಇವಕ್ಕೆ ಅದು ಬದಲಿ ಅಲ್ಲ.

ಹಾಗಾದರೆ ವಿಕಿರಣ, ಕ್ಯಾನ್ಸರ್?

'ವಿಕಿರಣ' ಎಂದ ಕೂಡಲೇ ನಮಗೆ ಎಕ್ಸ್-ರೇ, ಅಣುಬಾಂಬ್ ನೆನಪಾಗುತ್ತವೆ. ಎಕ್ಸ್-ರೇ ಜೀವಕೋಶದ ಡಿಎನ್ಎಯನ್ನು ನೇರವಾಗಿ ಮುರಿಯಬಲ್ಲದು. ಅಂಥ ಶಕ್ತಿ ಆವರ್ತನವನ್ನು ಅವಲಂಬಿಸಿದೆ. ನಿಮ್ಮ ಮನೆಯ ಬಲ್ಬಿನ ಬೆಳಕಿನ ಆವರ್ತನವೇ ಇಂಡಕ್ಷನ್ ಒಲೆಯದ್ದಕ್ಕಿಂತ ಸುಮಾರು ಎರಡು ಸಾವಿರ ಕೋಟಿ ಪಟ್ಟು ಹೆಚ್ಚು. ಆ ಬೆಳಕೂ ಡಿಎನ್ಎ ಮುರಿಯುವುದಿಲ್ಲ. ಒಲೆಯ ಕ್ಷೇತ್ರಕ್ಕಂತೂ ಆ ಶಕ್ತಿ ಇಲ್ಲವೇ ಇಲ್ಲ.

"ಕಬ್ಬಿಣ ಕರಗಿಸುತ್ತದೆ, ಮೈ ಬಿಟ್ಟೀತೇ?" ಎಂಬ ಪ್ರಶ್ನೆಗೆ ಉತ್ತರ ಸುಳಿ ವಿದ್ಯುತ್ತಿನಲ್ಲೇ ಇದೆ. ಕಬ್ಬಿಣ ನಮ್ಮ ಸ್ನಾಯುವಿಗಿಂತ ಕೋಟಿ ಪಟ್ಟಿಗೂ ಹೆಚ್ಚು ಚೆನ್ನಾಗಿ ವಿದ್ಯುತ್ ಹರಿಸುತ್ತದೆ. ಕಬ್ಬಿಣದಲ್ಲಿ ಏಳುವ ಸುಳಿ ಮೈಯಲ್ಲಿ ಏಳುವುದಿಲ್ಲ. ಜೊತೆಗೆ ಕ್ಷೇತ್ರದ ಬಹುಪಾಲನ್ನು ಪಾತ್ರೆಯ ತಳವೇ ಹಿಡಿದಿಡುತ್ತದೆ, ಉಳಿದದ್ದು ದೂರ ಹೋದಂತೆ ಬೇಗ ಕ್ಷೀಣಿಸುತ್ತದೆ. ಆಹಾರದ ಮಾತು ಬಂದರೆ, ಅದು ಕಾಯುವುದು ಬಿಸಿ ಪಾತ್ರೆಯಿಂದ, ಸೌದೆ ಒಲೆ ಅಥವಾ ಗ್ಯಾಸ್ ಮೇಲೆ ಕಾಯುವ ಹಾಗೆಯೇ.

ಇದರ ಪಕ್ಕ ಇನ್ನೊಂದು ಮಾಹಿತಿ ಇಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮನೆಯೊಳಗಿನ ಸೌದೆ ಹೊಗೆಯನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ 2ಎ ಗುಂಪಿಗೆ ಸೇರಿಸಿದೆ. ಕ್ಯಾನ್ಸರ್ ಭಯದಿಂದ ಇಂಡಕ್ಷನ್ ಒಲೆ ಎತ್ತಿಟ್ಟು, ಹೊಗೆ ಹೋಗಲು ದಾರಿಯಿಲ್ಲದ ಅಡುಗೆಮನೆಯಲ್ಲಿ ಸೌದೆ ಹಚ್ಚಿದರೆ, ಫಾರ್ವರ್ಡ್ ನಂಬಿ ನಾವು ಅಪಾಯದತ್ತಲೇ ನಡೆದಂತೆ.

ಪೇಸ್‌ಮೇಕರ್ ಇದ್ದರೆ?

ಫಾರ್ವರ್ಡ್‌ನಲ್ಲಿದ್ದ ಅರ್ಧ ನಿಜ ಇದು. ಪೇಸ್‌ಮೇಕರ್ ಹೃದಯದ ಪುಟ್ಟ ವಿದ್ಯುತ್ ಸಂಕೇತಗಳನ್ನು ಕೇಳುತ್ತಿರುತ್ತದೆ. ಬಲವಾದ, ಬದಲಾಗುವ ಕಾಂತಕ್ಷೇತ್ರ ತೀರಾ ಹತ್ತಿರ ಬಂದರೆ ಅದು ತಪ್ಪು ಕೇಳಿಸಿಕೊಳ್ಳುವ ಸಾಧ್ಯತೆ ಇದೆ. ಪಾತ್ರೆ ಒಲೆಯ ನಡುವೆ ಇಲ್ಲದೆ ಸರಿದಿದ್ದು, ಅದಕ್ಕೆ ಮೈ ತಾಗುವಷ್ಟು ಹತ್ತಿರ ನಿಂತು, ಲೋಹದ ಪಾತ್ರೆಯನ್ನು ತುಂಬ ಹೊತ್ತು ಮುಟ್ಟಿಕೊಂಡಿದ್ದರೆ ಆ ಸಾಧ್ಯತೆ ಹೆಚ್ಚು.

ಬ್ರಿಟಿಷ್ ಹಾರ್ಟ್ ಫೌಂಡೇಶನ್ ಕೊಡುವ ಸಲಹೆ ಸರಳ: ಪೇಸ್‌ಮೇಕರ್ ಮತ್ತು ಒಲೆಯ ನಡುವೆ 60 ಸೆಂ.ಮೀ., ಅಂದರೆ ಸುಮಾರು ಎರಡು ಅಡಿ ಅಂತರ ಇರಲಿ. ಜೊತೆಗೆ,

• ಒಲೆಯ ವೃತ್ತಕ್ಕೆ ಹೊಂದುವ ಅಗಲದ ಪಾತ್ರೆಯನ್ನು ಸರಿಯಾಗಿ ನಡುವೆ ಇಡಿ.
• ಬಾಗಿ, ಎದೆ ಒಲೆಯ ಮೇಲೆ ಬರುವ ಹಾಗೆ ನಿಲ್ಲಬೇಡಿ. ನೆಲದ ಮೇಲೆ ಒಲೆಯಿಟ್ಟು ಅಡುಗೆ ಮಾಡುವವರು ಇದನ್ನು ಮುಖ್ಯವಾಗಿ ಗಮನಿಸಿ.
• ಲೋಹದ ಸೌಟಿನ ಬದಲು ಮರದ ಸೌಟು ಬಳಸಿ.
• ಒಲೆಯ ಬಳಿ ತಲೆ ಸುತ್ತು, ಎದೆ ಬಡಿತದಲ್ಲಿ ವ್ಯತ್ಯಾಸ ಕಂಡರೆ ದೂರ ಸರಿದು, ವೈದ್ಯರಿಗೆ ತಿಳಿಸಿ.
• ನಿಮ್ಮ ಪೇಸ್‌ಮೇಕರ್ ಮಾದರಿಗೆ ಬೇರೆ ಸೂಚನೆ ಇದೆಯೇ ಎಂದು ಹಾಕಿದ ವೈದ್ಯರನ್ನೇ ಕೇಳಿ. ಯಾವ ಫಾರ್ವರ್ಡೂ, ಈ ಲೇಖನವೂ, ಅವರಿಗೆ ಬದಲಿ ಅಲ್ಲ.

ಫೌಂಡ್ರಿಯ ಕುಲುಮೆಯ ಮಾತು ಬೇರೆ. ಅಲ್ಲಿನ ಕ್ಷೇತ್ರ ಬಹಳ ದೊಡ್ಡದು. ಪೇಸ್‌ಮೇಕರ್ ಇದ್ದವರು ವೈದ್ಯರ ಮತ್ತು ಕಾರ್ಖಾನೆಯ ಸುರಕ್ಷತಾ ಅಧಿಕಾರಿಯ ಒಪ್ಪಿಗೆ ಇಲ್ಲದೆ ಅದರ ಹತ್ತಿರ ಹೋಗಬಾರದು.

ಮನೆಯಲ್ಲೇ ಒಂದು ಮಾದರಿ ಪರೀಕ್ಷಿಸಿ

ಒಂದು ಲೀಟರ್ ನೀರನ್ನು 25ರಿಂದ 100 ಡಿಗ್ರಿಗೆ ಕಾಯಿಸಲು ಸುಮಾರು 314 ಕಿಲೋಜೂಲ್ ಶಾಖ ಬೇಕು. ಒಲೆಯನ್ನು 1,500 ವ್ಯಾಟ್‌ಗೆ ಇಡಿ. ಅದರಲ್ಲಿ ನೂರಕ್ಕೆ 85ರಷ್ಟು ನೀರಿಗೆ ಸೇರುತ್ತದೆ ಎಂದುಕೊಂಡರೆ ಲೆಕ್ಕದ ಪ್ರಕಾರ ಸುಮಾರು 246 ಸೆಕೆಂಡ್, ನಾಲ್ಕು ನಿಮಿಷಕ್ಕೆ ಸ್ವಲ್ಪ ಹೆಚ್ಚು.

ಈಗ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಅಳೆಯಿರಿ. ಆರು ನಿಮಿಷ ಹಿಡಿದರೆ ಕಾರಣ ಹುಡುಕಿ: ಮುಚ್ಚಳ ಹಾಕಿತ್ತೇ? ಪಾತ್ರೆಯೇ ಭಾರವೇ? ತಳ ಸಮತಟ್ಟಾಗಿದೆಯೇ? ವೋಲ್ಟೇಜ್ ಬಿದ್ದಿತ್ತೇ? ಬೆಳಗಿನ ಚಳಿಯಲ್ಲಿ ನೀರು 25 ಡಿಗ್ರಿ ಇತ್ತೇ? ಒಂದೊಂದನ್ನೇ ಸೇರಿಸುತ್ತಾ ಹೋದರೆ ನಿಮ್ಮ ಲೆಕ್ಕ ಅಳತೆಗೆ ಹತ್ತಿರವಾಗುತ್ತದೆ. ಊಹೆ, ಲೆಕ್ಕ, ಅಳತೆ, ತಿದ್ದುಪಡಿ. ಕುಲುಮೆಯ ಮಾದರಿ ಮಾಡುವವರು ಮಾಡುವುದೂ ಇದನ್ನೇ, ಅಂಕೆಗಳು ಮಾತ್ರ ದೊಡ್ಡವು.

ಮುಂದಿನ ಸಲ ಫಾರ್ವರ್ಡ್ ಬಂದಾಗ

"ಸಿಮ್ಯುಲೇಷನ್‌ನಲ್ಲಿ ಸಾಬೀತಾಗಿದೆ" ಎಂದು ಯಾರಾದರೂ ಬರೆದರೆ ಮೂರು ಪ್ರಶ್ನೆ ಕೇಳಿ. ಯಾವುದರ ಸಿಮ್ಯುಲೇಷನ್, ಮನೆಯ ಒಲೆಯದ್ದೋ 600 ಕಿಲೋವ್ಯಾಟ್ ಕುಲುಮೆಯದ್ದೋ? ಒಳಗೆ ಹಾಕಿದ ಅಂಕೆಗಳು ಎಲ್ಲಿಂದ ಬಂದವು? ಉತ್ತರವನ್ನು ನಿಜವಾದ ಅಳತೆಗೆ ಹೋಲಿಸಿ ನೋಡಿದ್ದಾರೆಯೇ? ಮೂರಕ್ಕೂ ಉತ್ತರ ಇಲ್ಲದಿದ್ದರೆ ಮುಂದೆ ಕಳಿಸಬೇಡಿ.

ದೊಡ್ಡಮ್ಮ ಒಲೆ ಎತ್ತಿಡಲಿಲ್ಲ. ದೊಡ್ಡಪ್ಪ ಮುಂದಿನ ತಪಾಸಣೆಗೆ ಹೋದಾಗ ವೈದ್ಯರನ್ನು ಕೇಳಿ ಬಂದರು, ಅಂತರ ಇಟ್ಟುಕೊಂಡು ಬಳಸಬಹುದು ಎಂದರಂತೆ. ಒಲೆ ಈಗ ನೆಲದಿಂದ ಎದ್ದು ಕಟ್ಟೆಯ ಹಿಂಬದಿಗೆ ಸರಿದಿದೆ, ಪಕ್ಕದಲ್ಲೊಂದು ಮರದ ಸೌಟು ನೇತಾಡುತ್ತಿದೆ. ಮನೆಯ ಗುಂಪಿನಲ್ಲಿ ಆ ವಿಡಿಯೊ ಇನ್ನೂ ಇದೆ, ಅದರ ಕೆಳಗೆ ದೊಡ್ಡಮ್ಮನೇ ಬರೆದ ಒಂದು ಸಾಲೂ ಇದೆ: "ಎರಡು ಅಡಿ ದೂರ ಸಾಕಂತೆ, ಹೆದರಬೇಡಿ."